ಸೀಟು ಇಲ್ಲದ ಟ್ರ್ಯಾಕ್ಟರು

ಪರಮೇಶಗೌಡ ಗೋಣಿಚೀಲದ ಬಾಯಿ ಬಿಚ್ಚಿ ಕಬ್ಬಿಣದ ಆ ಸೀಟನ್ನು ಹೊರಗೆ ತೆಗೆದದ್ದೇ ತಡ, ತಗಡಿನ ಡಬ್ಬಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಗಿರಿಯಪ್ಪ ಎದ್ದು ನಿಂತ. ಬಸಿಯಲ್ಲಿದ್ದ ಚಹಾ ಧೋತರದ ಮೇಲೆ ಚೆಲ್ಲಿತು. ಗೌಡನ ಕಾರು ಶೆಡ್ಡಿನ ಮುಂದೆ ಬಂದಾಗ ಅವನು ಎದ್ದಿರಲಿಲ್ಲ. ಗೌಡ ಒಳಗೆ ಬಂದು ಮಾತಾಡಿಸಿದಾಗಲೂ ಕೂತಲ್ಲಿಂದಲೇ ಕೈ ಎತ್ತಿದ್ದ. ಈಗ ಎದ್ದದ್ದು ಕಬ್ಬಿಣಕ್ಕೆ.

ಟ್ರ್ಯಾಕ್ಟರಿನ ಅಡಿಯಿಂದ ತೆವಳಿ ಹೊರಬರುತ್ತಿದ್ದ ಕಾವೇರಿ ಅಪ್ಪ ಎದ್ದು ನಿಂತದ್ದನ್ನು ನೋಡಿದಳು. ಅವಳು ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡಳು.

ರಾಯಾಪುರದ ರಸ್ತೆ ಬದಿಯ ಆ ಶೆಡ್ಡು ಕಮರುದ್ದೀನನದು. ಡೀಸೆಲ್ ಮೆಕ್ಯಾನಿಕ್ ತರಬೇತಿ ಮುಗಿಸಿ ಊರೂರು ತಿರುಗಿದ ಕಾವೇರಿಯನ್ನು, ಹುಡುಗಿ ಎಂದು ಒಬ್ಬರು, ಕೇರಿಯವಳು ಎಂದು ಇನ್ನೊಬ್ಬರು ವಾಪಸು ಕಳಿಸಿದಾಗ, ಒಳಗೆ ಕರೆದು ಕೈಗೆ ಪಾನಾ ಕೊಟ್ಟವನು ಅವನೇ. ಹೊಟ್ಟೆಪಾಡಿಗೆ ಹೊಸ ಟ್ರ್ಯಾಕ್ಟರುಗಳ ರಿಪೇರಿ, ಹುಚ್ಚಿಗೆ ಹಳೆಯವು. ಗುಜರಿಯವರು ಗ್ಯಾಸು ಹಚ್ಚಿ ಕತ್ತರಿಸುವ ಮೊದಲೇ ಓಡಿಹೋಗಿ ಸತ್ತ ಟ್ರ್ಯಾಕ್ಟರುಗಳನ್ನು ಕೊಂಡು ತಂದು ಹಿತ್ತಲಿನಲ್ಲಿ ನಿಲ್ಲಿಸುತ್ತಿದ್ದ. ಅವನ ಹೆಂಡತಿ ತಾಜಬಿ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು, ಮನೆಯಲ್ಲಿ ಕೂರಲು ಕುರ್ಚಿಯಿಲ್ಲ, ಹಿತ್ತಲಲ್ಲಿ ಮಾತ್ರ ಸತ್ತ ಆನೆಗಳ ಸಾಲು ಅಂತ.

ಈ ಕೆಂಪು ಟ್ರ್ಯಾಕ್ಟರನ್ನು ಹುಡುಕಿದವನು ಮಾತ್ರ ಗಿರಿಯಪ್ಪ. ಹಿಂದಿನ ವರ್ಷ ದುರ್ಗದಬೈಲಿನ ಪೇಟೆಯಲ್ಲಿ ಧೋತರ ಕೊಂಡು ಮರಳುವಾಗ ಕಾವೇರಿ ಅಪ್ಪನನ್ನು ಗುಜರಿಯ ಅಂಗಳಕ್ಕೆ ಕರೆದುಕೊಂಡು ಹೋಗಿದ್ದಳು. ಅವಳು ಒಂದು ಗೇರ್‌ಬಾಕ್ಸು ನೋಡುತ್ತಿದ್ದಾಗ ಅಪ್ಪ ಕಾಣೆಯಾಗಿದ್ದ. ಹುಡುಕಿದರೆ, ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ವಿಲಾಯತಿ ಟ್ರ್ಯಾಕ್ಟರಿನ ಮೇಲೆ ಹತ್ತಿ ನಿಂತಿದ್ದ. ಅದಕ್ಕೆ ಸೀಟು ಇರಲಿಲ್ಲ. ಮೈಯೆಲ್ಲ ತುಕ್ಕು, ಆದರೆ ಬಲಗಡೆಯ ಮಡ್‌ಗಾರ್ಡಿನ ಅಂಚಿನಲ್ಲಿ ಗೇಣಗಲದ ಜಾಗ ಮಾತ್ರ ಸವೆದು ನುಣುಪಾಗಿತ್ತು. ಗಿರಿಯಪ್ಪ ತನ್ನ ತೊಡೆಯನ್ನು ಅದಕ್ಕೆ ಆನಿಸಿದ. ಸರಿಯಾಗಿ ಕೂತಿತು.

ಬಹಳ ವರ್ಷಗಳ ಹಿಂದೆ ಊರಿನ ದೊಡ್ಡಗೌಡ ಆ ಟ್ರ್ಯಾಕ್ಟರು ತಂದಾಗ ಅದನ್ನು ಹೊಡೆಯುವ ಧೈರ್ಯ ಬಂದದ್ದು ಕೇರಿಯ ಗಿರಿಯಪ್ಪನಿಗೊಬ್ಬನಿಗೇ. ಮೊದಲ ದಿನ ಹೊಲಕ್ಕೆ ಹೋಗಿ ನೋಡಿದರೆ ಸೀಟು ಮಾಯ. ಕೇಳಿದ್ದಕ್ಕೆ ಆಳುಮಗ ನಕ್ಕು, ಅದು ಗೌಡರು ಕೂರುವ ಜಾಗ, ಬಿಚ್ಚಿ ಒಳಗಿಟ್ಟಿದ್ದಾರೆ ಎಂದ. ಸೀಟು ಗೌಡರ ವಾಡೆಯ ಗೋಡೆಯಲ್ಲಿ ಗೂಟಕ್ಕೆ ತೂಗುಬಿತ್ತು. ವರ್ಷಕ್ಕೊಮ್ಮೆ, ದಸರೆಯ ದಿನ, ಅದಕ್ಕೆ ಕುಂಕುಮ ಹಚ್ಚಿ ಟ್ರ್ಯಾಕ್ಟರಿಗೆ ಕೂಡಿಸುತ್ತಿದ್ದರು. ಗೌಡ ಅದರ ಮೇಲೆ ಕೂತು ಊರು ಸುತ್ತಿ ಬರುತ್ತಿದ್ದ. ಮಾರನೆಯ ದಿನ ಮತ್ತೆ ಗೂಟ. ಗಿರಿಯಪ್ಪ ಹರೆಯವನ್ನೆಲ್ಲ ನಿಂತೇ ಉತ್ತ. ನಡು ಸೋತಾಗ ಮಡ್‌ಗಾರ್ಡಿಗೆ ತೊಡೆ ಕೊಟ್ಟು ನಿಲ್ಲುತ್ತಿದ್ದ. ಕಬ್ಬಿಣ ಸವೆದದ್ದು ಕಾಣುತ್ತದೆ. ತೊಡೆ ಸವೆದದ್ದನ್ನು ಯಾರು ನೋಡಬೇಕು?

ಕಮರುದ್ದೀನ ಗುಜರಿಯಿಂದ ಕೊಂಡು ತಂದ ಆ ಟ್ರ್ಯಾಕ್ಟರು ಈಗ ಶೆಡ್ಡಿನಲ್ಲಿ ಹೊಳೆಯುತ್ತ ನಿಂತಿತ್ತು. ಒಂದು ಮಳೆಗಾಲವಿಡೀ ಸಿಲಿಂಡರುಗಳಲ್ಲಿ ಸೀಮೆಎಣ್ಣೆ ತುಂಬಿ, ಹಿಡಿದುಹೋದ ಪಿಸ್ಟನ್ನುಗಳು ತಾವಾಗಿ ಸಡಿಲವಾಗಲೆಂದು ಅವನೂ ಕಾವೇರಿಯೂ ಕಾದಿದ್ದರು. ಕಮರುದ್ದೀನ ಸುತ್ತಿಗೆ ಮುಟ್ಟಗೊಟ್ಟಿರಲಿಲ್ಲ. ಬೇರೆ ಗಾಡಿಯ ಒಂದು ನಟ್ಟನ್ನೂ ಹಾಕಗೊಟ್ಟಿರಲಿಲ್ಲ. ಗಾಡಿ ಮೊದಲಿನಂತೆ ಆಗಬೇಕು ಎಂಬುದು ಅವನ ಹಟ. ಬಣ್ಣ ಹಚ್ಚುವಾಗ ಕಾವೇರಿ ಮಡ್‌ಗಾರ್ಡಿನ ಆ ಸವೆದ ಜಾಗದ ಮೇಲೆ ಅಂಗೈ ಇಟ್ಟು, ಇದಕ್ಕೆ ಬೇಡ ಎಂದಿದ್ದಳು. ಅವನು ಆ ಜಾಗ ಬಿಟ್ಟು ಬಣ್ಣ ಹಚ್ಚಿದ್ದ. ಎಲ್ಲ ಆಗಿ ಉಳಿದದ್ದು ಸೀಟು ಒಂದೇ.

ಅದನ್ನೇ ಹಿಡಿದು ದೊಡ್ಡಗೌಡನ ಮೊಮ್ಮಗ ಪರಮೇಶಗೌಡ ಬಂದಿದ್ದ. ರೊಕ್ಕ ಬೇಡ, ಹಾಗೇ ಇಟ್ಟುಕೊಳ್ಳಿ ಎಂದ. ಬರುವ ರವಿವಾರ ಕೆಲಗೇರಿ ಕೆರೆಯ ಹತ್ತಿರದಿಂದ ಹಳೆಯ ಟ್ರ್ಯಾಕ್ಟರುಗಳ ಮೆರವಣಿಗೆಯಿತ್ತು. ಧಾರವಾಡದ ಕೆಲವು ಹವ್ಯಾಸಿಗಳು ಕೂಡಿ ಮಾಡಿದ್ದು. ಪರಮೇಶನೂ ಅವರಲ್ಲೊಬ್ಬ. ಟ್ರ್ಯಾಕ್ಟರಿನ ಮುಂದೆ ಅಜ್ಜನ ಹೆಸರಿನ ಬೋರ್ಡು ಕಟ್ಟಬೇಕು, ತಾನು ರುಮಾಲು ಸುತ್ತಿ ಸೀಟಿನ ಮೇಲೆ ಕೂತು ನಡೆಸಬೇಕು, ಆಮೇಲೆ ಸೀಟು ನಿಮ್ಮದೇ. ಅಷ್ಟೇ ಅವನ ಆಸೆ.

"ಗಿರಿಯಪ್ಪನೂ ಬರಲಿ. ಬಾಜೂಕ ನಿಂದರಲಿ. ಮೊದಲ ನಿಂದರತಿದ್ದನಲ್ಲ, ಹಂಗ," ಎಂದ. "ಅವಗ ಕುಂತು ಹೊಡ್ಯಾಕ ಬರತಿದ್ದಿಲ್ಲಂತ. ಅಜ್ಜಾರು ಹೇಳಿ ಹೇಳಿ ನಗತಿದ್ರು."

ದನಿಯಲ್ಲಿ ವಿಷವಿರಲಿಲ್ಲ. ಮನೆಯಲ್ಲಿ ಕೇಳುತ್ತ ಬೆಳೆದದ್ದನ್ನು ಹೇಳಿದ್ದ, ಅಷ್ಟೇ. ಕಾವೇರಿಯನ್ನು ಸುಟ್ಟದ್ದು ಅದೇ.

"ಖರೇ ಏನ ಯಪ್ಪಾ?" ಎಂದು ಕೇಳಿದಳು.

ಗಿರಿಯಪ್ಪ ಸೀಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಖರೇನಽ. ಬರತಿದ್ದಿಲ್ಲ," ಎಂದ. ಧೋತರದ ಮೇಲಿನ ಚಹಾ ಒರೆಸಿಕೊಳ್ಳುತ್ತ, "ಸೀಟ ಇದ್ದಿದ್ದಿಲ್ಲಲ್ಲ," ಎಂದ.

ಪರಮೇಶ ಅದನ್ನು ಚೇಷ್ಟೆಯೆಂದು ತಿಳಿದು ನಕ್ಕ. ಸೀಟನ್ನು ಬೆಂಚಿನ ಮೇಲಿಟ್ಟು, ಶನಿವಾರದೊಳಗೆ ಕೂಡಿಸಿಬಿಡಿ ಎಂದು ಹೇಳಿ ಹೋದ.

ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ, ಕಮರುದ್ದೀನ ಸೀಟನ್ನು ಎತ್ತಿ ಬೆಳಕಿಗೆ ಹಿಡಿದ. ಮೊರದಷ್ಟು ಅಗಲ, ನಡುವೆ ಸಾಲಾಗಿ ತೂತುಗಳು, ಅಂಚಿನಲ್ಲಿ ಕಂಪನಿಯ ಅಕ್ಷರಗಳು ಒಂದೂ ಅಳಿಸಿರಲಿಲ್ಲ. ಚೊಚ್ಚಲ ಕೂಸನ್ನು ಸವರುವಂತೆ ಅದನ್ನು ಸವರಿದ. ಚಹಾದ ಕಪ್ಪು ಒಯ್ಯಲು ಬಂದ ತಾಜಬಿ ನೋಡಿ, "ನನ್ನ ಕಡೆ ಒಮ್ಮಿಯರ ಹಿಂಗ ನೋಡೀರೇನು?" ಎಂದು ಹೋದಳು. ಅವನು ನಗಲಿಲ್ಲ.

"ಬೇಟಾ, ಇಂಥಾದ್ದು ಮತ್ತ ಸಿಗಂಗಿಲ್ಲ. ಗಾಡಿ ಮೊದಲಿನಂಗ ಆಗಬೇಕಂದ್ರ ಇದಽ ಬೇಕು."

"ಯಾವ ಮೊದಲು, ಕಾಕಾ?" ಎಂದಳು ಕಾವೇರಿ. "ಕಂಪನಿಯಿಂದ ಬಂದ ದಿನಾನೋ, ನಮ್ಮಪ್ಪ ಹೊಡದ ದಿನಾನೋ? ನಮ್ಮಪ್ಪ ಹೊಡಿಯೂಮುಂದ ಇದು ಗ್ವಾಡಿ ಮ್ಯಾಲಿತ್ತು."

"ಕಬ್ಬಿಣದ್ದೇನು ತಪ್ಪವಾ?"

"ಏನೂ ಇಲ್ಲ. ಆದ್ರ ಅದನ್ನ ನೋಡಿ ನಮ್ಮಪ್ಪ ಎದ್ದು ನಿಂತಾನ. ನೀವು ನೋಡೀರಿ."

ಕಮರುದ್ದೀನ ನೋಡಿದ್ದ. ಅವನು ಸೀಟನ್ನು ಬೆಂಚಿನ ಮೇಲಿಟ್ಟು ನಲ್ಲಿಯ ಹತ್ತಿರ ಹೋದ. ಎಣ್ಣೆಯೇ ಇಲ್ಲದ ಕೈಗಳನ್ನು ಬಹಳ ಹೊತ್ತು ತೊಳೆದ.

ಮಾರನೆಯ ದಿನ ಕಾವೇರಿ ಊರಿನ ಬಸ್ಸು ಹತ್ತಿದಳು. ಸೀಟು ತುಂಬಿದ ಗೋಣಿಚೀಲವನ್ನು ಕಾಲಬುಡದಲ್ಲಿಟ್ಟು, ದಾರಿಯುದ್ದಕ್ಕೂ ಅದರ ಮೇಲೆ ಎರಡೂ ಪಾದ ಊರಿ ಕೂತಳು. ವಾಡೆಯ ಬಾಗಿಲಲ್ಲಿ ಪರಮೇಶ ಎದುರಾದ. ಆ ಹೊಸ್ತಿಲನ್ನು ಅವಳ ಕೇರಿಯವರು ಎಂದೂ ದಾಟಿರಲಿಲ್ಲ. ಅವಳು ದಾಟಿ ಒಳಗೆ ಹೋಗಿ, ಗೋಡೆಯ ಗೂಟದ ಕೆಳಗೆ ಚೀಲ ಇಳಿಸಿದಳು.

"ಮತ್ತ ಗೂಟಕ್ಕ ಹಾಕ್ರಿ. ಅದರ ಜಾಗಾ ಅದಽ ಐತಿ."

ಪರಮೇಶನ ಮುಖ ಕೆಂಪಾಯಿತು. ಸೀಟಿಲ್ಲದೆ ಮೆರವಣಿಗೆಗೆ ಬಂದರೆ ಮಂದಿ ನಗುತ್ತಾರೆ ಎಂದ. ಇಷ್ಟು ವರ್ಷ ಸೀಟಿಲ್ಲದ ಗಾಡಿ ನೋಡಿ ಯಾರೂ ನಕ್ಕಿರಲಿಲ್ಲವಲ್ಲ, ಈಗ ನಗಲಿ ಎಂದು ಅವಳು ಹೊರಬಿದ್ದಳು.

ಶೆಡ್ಡಿಗೆ ಮರಳಿದಾಗ ಗ್ಯಾಸಿನ ನೀಲಿ ಉರಿ ಕಂಡಿತು. ಕಮರುದ್ದೀನ ಕುಕ್ಕರುಗಾಲಿನಲ್ಲಿ ಕೂತು, ಮುರಿದ ಹ್ಯಾರೋ ಒಂದರಿಂದ ಹೆಂಟೆ ಒಡೆಯುವ ಬಟ್ಟಲಿನಂಥ ತಟ್ಟೆಯನ್ನು ಬಿಡಿಸಿಕೊಂಡು ಅದರ ಚೂಪು ಅಂಚನ್ನು ಕತ್ತರಿಸುತ್ತಿದ್ದ. ಬೇರೆ ಗಾಡಿಯ ನಟ್ಟನ್ನೂ ಮುಟ್ಟದ ಮನುಷ್ಯ. ಅವಳು ಎದುರು ಕೂತು ಅರ ತೆಗೆದುಕೊಂಡಳು. ಶನಿವಾರ ಸಂಜೆಯವರೆಗೂ ಇಬ್ಬರೂ ಅಂಚು ಉಜ್ಜಿ, ತಟ್ಟೆಯನ್ನು ಟ್ರ್ಯಾಕ್ಟರಿಗೆ ಸೀಟಾಗಿ ಕೂಡಿಸಿದರು. ಅದರ ಮೇಲೆ ಕೂತು ನೋಡು ಎಂದರೆ ಗಿರಿಯಪ್ಪ ಒಪ್ಪಲಿಲ್ಲ. ಕೂರುವುದಾದರೆ ನಾಳೆ ಅಲ್ಲೇ, ಮಂದಿಯ ನಡುವೆ ಎಂದ.

ರವಿವಾರ ಕೆರೆಯ ದಂಡೆಯ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿದ್ದವು. ಹಾರ, ಬಲೂನು, ಬ್ಯಾಂಡು. ಕಾವೇರಿ ಮುಂದೆ ಬಾಗಿ ಹ್ಯಾಂಡಲು ತಿರುವಿದಳು. ಎಂಜಿನ್ನು ಕೆಮ್ಮಿ, ಹೊಗೆ ಉಗುಳಿ, ಹಿಡಿಯಿತು. ಗಿರಿಯಪ್ಪ ಚಪ್ಪಲಿ ಬಿಟ್ಟು ಮೇಲೆ ಹತ್ತಿದ. ಹಳೆಯ ರೂಢಿಯಂತೆ ತೊಡೆ ಮಡ್‌ಗಾರ್ಡಿನ ಕಡೆಗೆ ವಾಲಿತು. ಅವನು ಅದನ್ನು ತಡೆದು, ಹಿಂದೆ ಕೈಯಾಡಿಸಿ ಸೀಟು ಇದೆಯೆಂದು ಖಾತ್ರಿ ಮಾಡಿಕೊಂಡು, ಕೂತ.

ಕೂತ ಮೇಲೆ ಕಾಲಿಗೆ ಕ್ಲಚ್ಚು ಸಿಗಲಿಲ್ಲ. ನಿಂತು ತುಳಿದ ಪಾದ ಅದು. ಅದಕ್ಕೆ ಗೊತ್ತಿದ್ದ ದೂರವೇ ಬೇರೆ. ತಡಕಾಡಿ, ಸಿಕ್ಕಷ್ಟು ತುಳಿದು ಬಿಟ್ಟ. ಟ್ರ್ಯಾಕ್ಟರು ಒಮ್ಮೆ ಜಿಗಿದು ಬಂದ್ ಬಿತ್ತು. ಯಾರೋ ನಕ್ಕರು. ಕಾವೇರಿ ಮತ್ತೆ ತಿರುವಿದಳು. ಮತ್ತೆ ಬಂದ್. ಈ ಸಲ ಬಹಳ ಮಂದಿ ನಕ್ಕರು. ಹಿಂದಿನ ಟ್ರ್ಯಾಕ್ಟರಿನವರು ಹಾರ್ನು ಹೊಡೆಯತೊಡಗಿದರು. ಬ್ಯಾಂಡಿನವರು ಬಹಳ ಮುಂದೆ ಹೋಗಿಬಿಟ್ಟಿದ್ದರು.

ಪರಮೇಶಗೌಡ ಮಂದಿಯ ನಡುವಿನಿಂದ ದಾರಿ ಮಾಡಿಕೊಂಡು ಬಂದ. ಸಿಟ್ಟು ಮರೆತಿದ್ದ. ಮೆರವಣಿಗೆ ನಿಂತದ್ದೇ ಅವನಿಗೆ ದೊಡ್ಡದಾಗಿತ್ತು.

"ಎದ್ದು ನಿಂತು ಹೊಡಿಯಪಾ ಗಿರಿಯಪ್ಪ. ಮೊದಲಿನಂಗ. ಗಾಡಿ ಲಗೂ ಹೊಕ್ಕೈತಿ."

ಗಿರಿಯಪ್ಪ ಸ್ಟೇರಿಂಗಿನ ಮೇಲಿನ ಕೈ ತೆಗೆಯಲಿಲ್ಲ.

"ನಿಂತು ಹೊಡ್ಯೂದು ನನಗ ಬರತೈತ್ರಿ, ಗೌಡ್ರ," ಎಂದ. "ಇದನ್ನ ಈಗ ಕಲಿಯಾಕತ್ತೇನಿ. ತಡಾ ಆಕ್ಕೈತಿ. ನಿಂದರ್ರಿ."

ಹಾರ್ನುಗಳು ಹೊಡೆದುಕೊಳ್ಳುತ್ತಲೇ ಇದ್ದವು. ಕಮರುದ್ದೀನ ಹಿಂದಿನ ಟ್ರ್ಯಾಕ್ಟರಿನ ಮುಂದೆ ಹೋಗಿ, ಎದೆಯ ಮೇಲೆ ಕೈಕಟ್ಟಿ, ರಸ್ತೆಯ ನಡುವೆ ನಿಂತುಕೊಂಡ. ಗೌಡ ಒಮ್ಮೆ ಅವನನ್ನು, ಒಮ್ಮೆ ಮುದುಕನನ್ನು ನೋಡಿದ. ಆಮೇಲೆ ರಸ್ತೆಯ ಅಂಚಿಗೆ ಸರಿದ.

ಕಾವೇರಿ ಅವಸರ ಮಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹ್ಯಾಂಡಲನ್ನು ಮತ್ತೆ ತೂರಿಸಿ, ಅಪ್ಪನ ಕಡೆ ನೋಡಿದಳು. ಗಿರಿಯಪ್ಪ ಬಾಗಿ, ಎಡಗಾಲನ್ನು ಎರಡೂ ಕೈಗಳಿಂದ ಎತ್ತಿ, ಕ್ಲಚ್ಚಿನ ಮೇಲೆ ಇಟ್ಟ. ಹಿಮ್ಮಡಿ ಊರಿ ನೋಡಿದ. ಇನ್ನೂ ತುಸು ಮುಂದೆ ಸರಿಸಿದ. ತಲೆಯಾಡಿಸಿದ.

ಎಂಜಿನ್ನು ಹಿಡಿಯಿತು. ಟ್ರ್ಯಾಕ್ಟರು ಒಂದು ಸಲ ನಡುಗಿ, ಕೆರೆಯ ದಂಡೆಗುಂಟ ನಿಧಾನವಾಗಿ ಉರುಳತೊಡಗಿತು. ಗಾಳಿಗೆ ಧೋತರದ ಚುಂಗು ಸೀಟಿನ ಅಂಚಿನ ಮೇಲಿಂದ ಹಾರುತ್ತಿತ್ತು. ಕೆಂಪು ಮಡ್‌ಗಾರ್ಡಿನಲ್ಲಿ, ಬಣ್ಣವಿಲ್ಲದ ಆ ಗೇಣಗಲದ ಜಾಗ, ತಗ್ಗು ಬಂದಾಗಲೊಮ್ಮೆ ಬಿಸಿಲಿಗೆ ಮಿಂಚುತ್ತಿತ್ತು. ಅದಕ್ಕೆ ಆನಿಕೊಂಡು ಯಾರೂ ನಿಂತಿರಲಿಲ್ಲ.