ಆಕಾಶಗೋಲಕ್ಕೆ ತೋಡಿದ ಗುಂಡಿ

ಆಕಾಶಗೋಲವನ್ನು ಎದೆಗೆ ಅಪ್ಪಿಕೊಂಡು ಆಳು ಹೊಸಿಲು ದಾಟುವುದಕ್ಕೂ ಪ್ರೇಮಮ್ಮ ಬಾಗಿಲಿಗೆ ಅಡ್ಡ ಕೈ ಹಾಕುವುದಕ್ಕೂ ಸರಿಹೋಯಿತು.

“ಎಲ್ಲಿಗೋ ಅದು?”

ಅವನು ತಬ್ಬಿಬ್ಬಾಗಿ ಅಂಗಳದ ಕಡೆ ನೋಡಿದ. ಭೂಮಿಗೋಲ ಆಗಲೇ ಅಂಗಳಕ್ಕಿಳಿದು ಗಾಡಿಯ ಹುಲ್ಲಿನ ಮೇಲೆ ಕೂತಿತ್ತು. ಗಾಡಿಯ ಪಕ್ಕದಲ್ಲಿ ನಿಂತಿದ್ದವರು ಪ್ರೇಮಮ್ಮನ ಮಾವ ಶಿವಮೂರ್ತಪ್ಪ.

“ತೋಟಕ್ಕೆ ಕಣಮ್ಮಾ,” ಅಂದರು. “ಅತ್ತಿಗೆ ಜೊತೇಲೇ ಹೋಗ್ಲಿ. ಅವರ ಸಮಾಧಿ ಪಕ್ಕದಲ್ಲೇ ಇನ್ನೊಂದು ಗುಂಡಿ ತೋಡೋಕೆ ಹೇಳಿದೀನಿ. ಜೀವ ಇರೋತನಕ ಬಿಟ್ಟಿರಲಿಲ್ಲ, ಈಗ್ಯಾಕೆ ಅಗಲಿಸ್ಬೇಕು?”

ಕೇಳಿದವರಿಗೆ ಎಂಥ ಪ್ರೀತಿಯ ಮೈದುನ ಅನ್ನಿಸಬೇಕು, ಹಾಗಿತ್ತು ಮಾತು. ನೆಂಟರಲ್ಲಿ ಒಂದಿಬ್ಬರು ತಲೆಯಾಡಿಸಿಯೂ ಬಿಟ್ಟರು. ಪ್ರೇಮಮ್ಮನಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು.

ಪಡಸಾಲೆಯಲ್ಲಿ ತೀರ್ಥಮ್ಮ ಗೋಡೆಗೊರಗಿ ಕೂತಿದ್ದರು. ಮೀಯಿಸಿ, ಹಣೆ ತುಂಬ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು ಕೂರಿಸಿದ್ದರು. ಬೆಳಗಿನ ಜಾವ ಹೋದ ಜೀವ. ಮಕ್ಕಳಿಲ್ಲ, ಗಂಡ ಬಸವರಾಜಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು. ಅಜ್ಜಂಪುರದ ಈ ಮನೆಯ ಜಗಲಿಯ ಮೇಲೆ ಎರಡು ಗೋಲ ಇಟ್ಟುಕೊಂಡು, ಬಂದ ಹೆಣ್ಣುಮಕ್ಕಳಿಗೆಲ್ಲ ಭೂಮಿ ತೋರಿಸುತ್ತ, ನಕ್ಷತ್ರ ತೋರಿಸುತ್ತ, ನಡುನಡುವೆ ಅಕ್ಷರ ಕಲಿಸುತ್ತ ಮುದುಕಿಯಾದವರು. ಅದು ಸರ್ಕಾರದ ಸ್ಕೂಲಲ್ಲ, ಸಂಬಳವಿಲ್ಲ. ಮಧ್ಯಾಹ್ನ ಮುಸುರೆ ಮುಗಿದ ಮೇಲೆ ಬರುವವರು ಬರಬಹುದು, ಅಷ್ಟೇ. ಅವರ ಕೈಕಾಲು ಸೋತ ಮೇಲೆ ಈಚೆಗೆ ಪ್ರೇಮಮ್ಮನೇ ಪಾಠ ನಡೆಸುತ್ತಿದ್ದಳು. ಗೋಲ ಮಣ್ಣಿಗೆ ಹೋದರೆ ಜಗಲಿಗೆ ಕೊಬ್ಬರಿ ಮೂಟೆ ಬಂದು ಕೂರುತ್ತವೆ, ಹುಡುಗಿಯರು ಮತ್ತೆ ಬರುವುದಿಲ್ಲ. ಇಷ್ಟು ಗೊತ್ತಾಗದಷ್ಟು ಪೆದ್ದಿಯಲ್ಲ ಅವಳು.

“ದೊಡ್ಡತ್ತೆ ಹಂಗಂದಿದ್ರಾ ಮಾವ?”

“ಅವ್ರು ಅನ್ನದಿದ್ರೇನು, ನಾನಂತೀನಿ. ಸಾವಿನ ಮನೇಲಿ ಬಾಗಿಲಿಗೆ ಅಡ್ಡ ನಿಲ್ಬಾರ್ದು. ಕೈ ತೆಗಿ.”

ಆ ಕೈ ಇಳಿದದ್ದು ಮಾವನ ಮಾತಿಗಲ್ಲ. ಅಂತರಘಟ್ಟೆಯ ಕೆಂಚಮ್ಮ, ಆ ಜಗಲಿಯಲ್ಲೇ ಓದಿ ಮದುವೆಯಾಗಿ ಹೋದವಳು, ಬೀದಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದು ಪ್ರೇಮಮ್ಮನ ಕೊರಳಿಗೆ ಬಿದ್ದಳು. ಆ ಗಲಾಟೆಯಲ್ಲಿ ಆಳು ನುಸುಳಿಕೊಂಡು ಗಾಡಿ ಸೇರಿದ.

“ಅಯ್ಯೋ ನಮ್ಮವ್ವಾ! ನನ್ನ ಮದುವೇಲಿ ನಾನು ಅಳ್ತಾ ಕೂತಿದ್ರೆ ಏನ್ಮಾಡಿದ್ಲು ಗೊತ್ತೇನೇ ಪ್ರೇಮಾ? ಭೂಮಿಗೋಲದ ಮೇಲೆ ಒಂದು ಸಾಸಿವೆ ಕಾಳು ಇಟ್ಲು. ‘ನೋಡೇ, ಅಜ್ಜಂಪುರ, ಅಂತರಘಟ್ಟೆ, ಸಖರಾಯಪಟ್ಟಣ ಎಲ್ಲಾ ಈ ಕಾಳಿನ ಅಡಿಗೇ ಇದಾವೆ. ಇಷ್ಟು ದೂರಕ್ಕೆ ಅಳ್ತಾರೇನೇ, ನಾಚಿಕೆಗೆಟ್ಟೋಳೇ!’ ಅಂದ್ಲು. ನಗು ಬಂದ್ಬಿಡ್ತು ಕಣೇ ನಂಗೆ, ಧಾರೆ ಸೀರೇಲೇ.”

“ಅವೆರಡನ್ನೂ ಇವತ್ತು ಹೂಳ್ತಾರಂತೆ ಕಣಕ್ಕಾ,” ಅಂದಳು ಪ್ರೇಮಮ್ಮ.

ಕೆಂಚಮ್ಮನ ಅಳು ತಟ್ಟನೆ ನಿಂತಿತು. “ಯಾವನು?”

*

ಗೋಲಗಳು ಈ ಮನೆಗೆ ಬಂದದ್ದೇ ಒಂದು ತಮಾಷೆ. ಬೆಟ್ಟದ ಮೇಲಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ತೋಟ ಮಾರಿ ತನ್ನ ಸೀಮೆಗೆ ಹೊರಟಾಗ ಅವನ ಬಂಗಲೆಯ ಸಾಮಾನೆಲ್ಲ ತರೀಕೆರೆಯಲ್ಲಿ ಹರಾಜಿಗೆ ಬಂತು. ಬಸವರಾಜಪ್ಪ ಹೋದದ್ದು ಮಂಚ ನೋಡುವುದಕ್ಕೆ. ಗಾಡಿಯಲ್ಲಿ ಹೇರಿಕೊಂಡು ಬಂದದ್ದು ಎರಡು ಮರದ ನಿಲುವು. ಕಡೆದ ಕಾಲುಗಳು, ಅವುಗಳ ಮೇಲೆ ಅಗಲವಾದ ಮರದ ಬಳೆ, ಬಳೆಯೊಳಗೆ ಒಂದೊಂದು ದೊಡ್ಡ ಗುಂಡು.

“ಕಾಲು ನೋಡೇ, ಕಾಲು! ಈ ಬಳೆ ಒಳಗೆ ಗುಡಾಣ ಕೂರಿಸಿದ್ರೆ ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ನೀರಿನ ಗುಡಾಣಕ್ಕೆ ಮರದಲ್ಲೇ ಸಿಂಬೆ ಮಾಡಿಸವನೆ ದೊರೆ!”

“ಮತ್ತೆ ಈ ಗುಂಡು?”

“ಬಳೆ ಒಳಗೆ ಧೂಳು ಬೀಳದಂಗೆ ಇಟ್ಟಿರೋದು. ತೆಗೆದು ಅಟ್ಟಕ್ಕೆ ಹಾಕು.”

ಗುಡಾಣಗಳು ಮರದ ಕಾಲೇರಿ ಕೂತವು. ಅಕ್ಕಪಕ್ಕದವರು ಬಂದು ನೋಡಿ ಹೊಟ್ಟೆಕಿಚ್ಚು ಪಟ್ಟರು. ಅಟ್ಟಕ್ಕೆ ಗುಂಡು ಹಾಕಲು ಹೋದ ತೀರ್ಥಮ್ಮ ಮಾತ್ರ ಬೇಗ ಇಳಿಯಲಿಲ್ಲ. ಸೆರಗಿನಿಂದ ಒರೆಸಿದರೆ ಒಂದರ ಮೇಲೆ ನೀಲಿ, ಹಸಿರು, ಹಳದಿ ಬಣ್ಣಗಳು, ಇರುವೆ ಸಾಲಿನಂಥ ಅಕ್ಷರಗಳು. ಇನ್ನೊಂದರ ಮೇಲೆ ಸಿಂಹ, ಕರಡಿ, ಮೀನು, ಅವುಗಳ ಮೈ ತುಂಬ ಚುಕ್ಕಿ. ಮಾರನೆಯ ದಿನ ಗುಡಾಣಗಳು ನೆಲಕ್ಕಿಳಿದವು, ಗುಂಡುಗಳು ತಮ್ಮ ಜಾಗಕ್ಕೆ ಬಂದವು. ಬಸವರಾಜಪ್ಪ ಕೂಗಾಡಿದಾಗ ತೀರ್ಥಮ್ಮ, “ನೆಲದ ಮೇಲಿದ್ರೂ ನೀರು ನೀರೇ ಕಣ್ರೀ, ಕುಡೀರಿ,” ಅಂದುಬಿಟ್ಟರು.

ಅಕ್ಷರ ಓದಿ ಹೇಳಿದವಳು ರೈಲ್ವೆ ಸ್ಟೇಷನ್ ಮಾಸ್ತರರ ಹೆಂಡತಿ ಕಮಲಾಕ್ಷಮ್ಮ. ಭೂಮಿಗೋಲ ಬೇಗ ಒಲಿಯಿತು. ಆಕಾಶಗೋಲ ಸತಾಯಿಸಿತು. ಸಂಜೆ ಹಿತ್ತಲಿನಲ್ಲಿ ನಿಂತು ನೋಡಿದರೆ ಎಡಕ್ಕಿರುವ ಚುಕ್ಕಿ ಗೋಲದ ಮೇಲೆ ಬಲಕ್ಕಿತ್ತು. ಬಲದ್ದು ಎಡಕ್ಕಿತ್ತು. ಮಾಡಿದವನಿಗೆ ಕಣ್ಣು ಕಾಣುತ್ತಿರಲಿಲ್ಲವೇನೋ ಎಂದು ತೀರ್ಥಮ್ಮ ಬೈದದ್ದೇ ಬೈದದ್ದು. ಹೀಗಿರಲಾಗಿ ಒಂದು ದಿನ ಗಂಡನಿಗೆ ಬಡಿಸುತ್ತಿದ್ದವರು ಸೌಟು ಎತ್ತಿ ಹಿಡಿದು ನಿಂತುಬಿಟ್ಟರು.

“ಏನ್ರೀ! ಅದು ತಪ್ಪಲ್ಲ! ನಾವು ಆಕಾಶದ ಒಳಗೆ ಕೂತು ನೋಡ್ತೀವಿ. ಅದನ್ನ ಮಾಡಿದೋನು ಹೊರಗೆ ನಿಂತು ನೋಡವನೆ!”

“ಸಾರು ಹಾಕು,” ಅಂದರು ಬಸವರಾಜಪ್ಪ.

ಆಮೇಲೆ ಜಗಲಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಮೊದಲ ಪಾಠ ಅದೇ. “ಒಂದ್ಸಲ ಹೊರಗೆ ನಿಂತು ನೋಡ್ರೇ. ಒಳಗೇ ಕೂತಿದ್ರೆ ಎಡ ಯಾವುದು ಬಲ ಯಾವುದು ಅಂತ ಊರೋರು ಹೇಳಿದ್ದೇ ನಿಜ ಆಗ್ಬಿಡುತ್ತೆ.”

*

ಬಾಲಚುಕ್ಕಿ ಬಂದ ವರ್ಷ ಊರಿಗೆ ಊರೇ ಹೆದರಿ ಮುದುಡಿಕೊಂಡಿತ್ತು. ಶಾಂತಿ ಮಾಡಿಸಬೇಕು, ಹೆಂಗಸರು ಮಕ್ಕಳು ಬೆಳಕು ಹರಿಯುವತನಕ ಹೊರಗೆ ಬರಕೂಡದು ಎಂದು ಮನೆಮನೆಗೆ ಹೇಳಿಕೊಂಡು ಬಂದವರು ಶಿವಮೂರ್ತಪ್ಪ. ಅವರ ಮನೆಯ ಜಗಲಿಯ ಮೇಲೇ ಅತ್ತಿಗೆ ಗೋಲ ಇಟ್ಟುಕೊಂಡು ಕೂತಿದ್ದರು. ಬಾಲಚುಕ್ಕಿ ಇವತ್ತು ಯಾವ ನಕ್ಷತ್ರದ ಹತ್ತಿರ ಕಂಡಿತೋ ಗೋಲದ ಮೇಲೆ ಅಲ್ಲಿಗೆ ಅರಿಶಿನದ ಒಂದು ಬೊಟ್ಟು. ನಾಳೆ ಇನ್ನೊಂದು. ಬೊಟ್ಟುಗಳ ಸಾಲು ನೋಡಲು ಹುಡುಗಿಯರು ಕಿಕ್ಕಿರಿದರು.

“ನೀವೂ ಬನ್ನಿ ಮೈದನೋರೇ, ಕಚ್ಚಲ್ಲ,” ಅಂದರು ತೀರ್ಥಮ್ಮ. ಹುಡುಗಿಯರು ಕಿಸಕ್ಕನೆ ನಕ್ಕರು. ಆ ನಗು ಶಿವಮೂರ್ತಪ್ಪನವರಿಗೆ ಚುಚ್ಚಿತು.

ಕೆಲವು ವರ್ಷ ಕಳೆದು ಆ ದೊಡ್ಡ ಜ್ವರ ಬಂತು. ಬೀದಿಬೀದಿಯಲ್ಲಿ ಹೆಣ ಎದ್ದವು. ಬಸವರಾಜಪ್ಪನೂ ಹೋದರು. ಅಣ್ಣನನ್ನು ಮಣ್ಣು ಮಾಡಿ ಬಂದ ಶಿವಮೂರ್ತಪ್ಪ ನೇರವಾಗಿ ಗೋಲದ ಮುಂದೆ ನಿಂತರು. ಅರಿಶಿನದ ಬೊಟ್ಟುಗಳು ಇನ್ನೂ ಅಲ್ಲಿದ್ದವು.

“ನೀವು ಕರೆದ್ರಿ ಅತ್ತಿಗೆ. ಬೊಟ್ಟು ಇಟ್ಟೂ ಇಟ್ಟೂ ಮನೆಗೆ ದಾರಿ ತೋರಿಸಿದ್ರಿ. ನಮ್ಮಣ್ಣನ್ನ ತಿಂದ್ಹಾಕ್ತು.”

ತೀರ್ಥಮ್ಮನ ಕಣ್ಣು ಬಾತಿದ್ದವು. “ಅವರು ಹೋದದ್ದಕ್ಕೆ ನಿಮಗಿಂತ ನನ್ನ ಹೊಟ್ಟೆ ಉರೀತಿದೆ. ಅದಕ್ಕೆ ಅಂತ ಸುಳ್ಳು ಹೇಳೋಕಾಗಲ್ಲ.”

ಸೂತಕ ಕಳೆದ ಮಾರನೆಯ ಮಧ್ಯಾಹ್ನ ಮತ್ತೆ ಪಾಠ ಶುರುವಾಯಿತು. ಊರು ಬಾಯಿಗೆ ಬಂದಂತೆ ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ, ತೀರ್ಥಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಶಿವಮೂರ್ತಪ್ಪ ಮಾತ್ರ ಅವತ್ತಿನಿಂದ ಜಗಲಿ ಹತ್ತುವುದನ್ನೇ ಬಿಟ್ಟು ಹಿತ್ತಲಿನಿಂದ ಮನೆಯೊಳಗೆ ಬರತೊಡಗಿದರು. ಅಣ್ಣನನ್ನು ಬಹಳ ಹಚ್ಚಿಕೊಂಡಿದ್ದ ಮನುಷ್ಯ. ಅದು ಸುಳ್ಳಲ್ಲ.

*

ಹೆಣ ಹೊರುವ ಹೂವಿನ ವಿಮಾನದಲ್ಲಿ ಕೂತ ತೀರ್ಥಮ್ಮ ಮುಂದೆ, ಭಜನೆಯವರು ಅವರ ಹಿಂದೆ, ಕೊನೆಗೆ ಗೋಲಗಳ ಗಾಡಿ. ಹೆಂಗಸರು ಊರಬಾಗಿಲಲ್ಲಿ ನಿಂತು ಹಿಂದಿರುಗುವುದು ರೂಢಿ. ಪ್ರೇಮಮ್ಮ ನಿಲ್ಲಲಿಲ್ಲ. ಕೆಂಚಮ್ಮನೂ ನಿಲ್ಲಲಿಲ್ಲ. ಪಂಚನಹಳ್ಳಿಯಿಂದ ಬಂದಿದ್ದ ಹುಚ್ಚಮ್ಮ ಸೆರಗು ಬಿಗಿದುಕೊಂಡು ಅವರ ಜೊತೆ ಹೆಜ್ಜೆ ಹಾಕಿದಳು. ಅವಳೂ ಜಗಲಿಯಲ್ಲಿ ಓದಿದವಳೇ.

“ಏಯ್, ಹೆಂಗಸ್ರು ಎಲ್ಲಿಗೆ ಹೊರಟ್ರಿ?” ಯಾರೋ ಗಂಡಸು ಕೂಗಿದ.

“ಪಾಠಕ್ಕೆ,” ಅಂದಳು ಹುಚ್ಚಮ್ಮ, ತಿರುಗಿಯೂ ನೋಡದೆ.

ತೆಂಗಿನ ತೋಟದ ಅಂಚಿನಲ್ಲಿ, ಬಸವರಾಜಪ್ಪನ ಗದ್ದುಗೆಯ ಮಗ್ಗುಲಲ್ಲೇ ಸಮಾಧಿ ತೋಡಿತ್ತು. ಜಂಗಮರಾದ ಮುದುಕ ಅಜ್ಜಯ್ಯ ಮಂತ್ರ ಹೇಳಿ, ಬಿಲ್ವಪತ್ರೆ ಹಾಕಿಸಿ, ತೀರ್ಥಮ್ಮನನ್ನು ಒಳಗೆ ಕೂರಿಸಿದರು. ಎಲ್ಲರೂ ಹಿಡಿಮಣ್ಣು ಹಾಕಿದರು. ಪ್ರೇಮಮ್ಮ ಹಾಕುವಾಗ ಮುಷ್ಟಿ ಬಿಚ್ಚಲಾರದೆ ಬಿಚ್ಚಿದಳು. ಗುಂಡಿ ತೋಡಿದ್ದ ಆಳು ಮುದ್ದಪ್ಪ ಗುದ್ದಲಿಯಿಂದ ಮಣ್ಣೆಳೆದು ಗುಡ್ಡೆ ಮಾಡಿದ.

“ಇನ್ನು ಅವನ್ನ ಇಳಿಸ್ರೋ,” ಅಂದರು ಶಿವಮೂರ್ತಪ್ಪ.

ಎರಡನೆಯ ಗುಂಡಿಯನ್ನು ಮುದ್ದಪ್ಪ ಅಗಲವಾಗಿ, ಎದೆಮಟ್ಟ ತೋಡಿದ್ದ. ಆಳುಗಳು ಗಾಡಿಯ ಹತ್ತಿರ ಹೋಗುವಷ್ಟರಲ್ಲಿ ಪ್ರೇಮಮ್ಮ ಸೀರೆ ಎತ್ತಿ ಸಿಕ್ಕಿಸಿ ಆ ಗುಂಡಿಗೆ ಧುಮುಕಿದಳು. ನಡುಮಧ್ಯದಲ್ಲಿ ಚಕ್ಕಂಬಕ್ಕಳ ಹಾಕಿಕೊಂಡು ಕೂತಳು.

“ಅಯ್ಯಯ್ಯೋ ಶಿವನೇ!” ಅಂದರು ಅಜ್ಜಯ್ಯ.

ಶಿವಮೂರ್ತಪ್ಪ ಮಗನ ಕಡೆ ತಿರುಗಿದರು. “ಈರಪ್ಪಾ! ನಿನ್ನ ಹೆಂಡ್ತೀನ ಮೇಲಕ್ಕೆ ಎತ್ತೋ!”

ಈರಪ್ಪ ಗುಂಡಿಯೊಳಗೆ ಬಗ್ಗಿ ನೋಡಿದ. ಹೆಂಡತಿಯ ಮುಖ ನೋಡಿ ಹಿಂದಕ್ಕೆ ಸರಿದ. “ನಾನು ಇಳಿದ್ರೆ ನನ್ನನ್ನೂ ಪಕ್ಕದಲ್ಲಿ ಕೂರಿಸ್ಕೋತಾಳೆ ಅಪ್ಪಯ್ಯಾ.”

“ಎದ್ದು ಬಾರಮ್ಮಾ. ಮನೆತನದ ಮಾನ ಕಳೀಬೇಡ.”

“ಮಣ್ಣು ಹಾಕ್ಸಿ ಮಾವ. ನಾನಿಲ್ಲಿಂದ ಏಳಲ್ಲ. ಗೋಲ ಇಳಿಸೋದಾದ್ರೆ ನನ್ನ ತಲೆ ಮೇಲೆ ಇಳಿಸಿ.”

“ಅದು ನಮ್ಮಣ್ಣನ್ನ ತಿಂತು ಕಣೇ!” ಶಿವಮೂರ್ತಪ್ಪನವರ ದನಿ ಒಡೆಯಿತು.

“ದೊಡ್ಡಮಾವನ್ನ ಜ್ವರ ತಿಂತು. ಅದೇ ಜ್ವರದಲ್ಲಿ ನಮ್ಮವ್ವನೂ ಹೋದ್ಲು. ನಮ್ಮ ತೌರುಮನೇಲಿ ಯಾವ ಗೋಲ ಇತ್ತು ಹೇಳಿ ಮಾವ. ಯಾರು ಬೊಟ್ಟು ಇಟ್ಟಿದ್ರು?”

ಕೆಂಚಮ್ಮ ಗುಂಡಿಯ ಅಂಚಿಗೆ ಬಂದು ಕೂತು, ಕಾಲು ಇಳಿಬಿಟ್ಟು, ಜಾರಿ ಒಳಗಿಳಿದಳು. “ಸರ್ದು ಕೂತ್ಕೊಳೇ, ಜಾಗ ಬಿಡು.” ಅವಳ ಹಿಂದೆ ಹುಚ್ಚಮ್ಮ ಇಳಿದಳು. ಮುದ್ದಪ್ಪ ಗುದ್ದಲಿ ಕೆಳಗಿಟ್ಟ.

“ಇದು ನನ್ನ ಕೈಲಾಗಲ್ಲ ಬುದ್ದೀ. ಉಸಿರಾಡೋರ ಮೇಲೆ ನಾನು ಮಣ್ಣು ಎಳೆಯಲ್ಲ.”

ಗಾಡಿಯ ಹತ್ತಿರವಿದ್ದ ಆಳುಗಳೂ ಕೈಕಟ್ಟಿ ನಿಂತರು. ಹೊತ್ತು ಇಳಿಯುತ್ತಿತ್ತು. ಶಿವಮೂರ್ತಪ್ಪ ನೆಂಟರ ಮುಖಗಳನ್ನು ಒಂದೊಂದಾಗಿ ನೋಡಿದರು. ಬೆಳಿಗ್ಗೆ ತಲೆಯಾಡಿಸಿದ್ದವರು ಈಗ ತೆಂಗಿನ ಗರಿ ನೋಡುತ್ತಿದ್ದರು.

“ಹಾಳಾಗಿ ಹೋಗ್ಲಿ,” ಅಂದರು ಕೊನೆಗೆ. “ಗೋಲ ಮನೇಲೇ ಬಿದ್ದಿರ್ಲಿ. ಆ ಜಗಲಿ ನೀನೇ ಕಟ್ಕೋ. ಎದ್ದು ಬಾ. ಮುದ್ದಪ್ಪಾ, ಗುಂಡಿ ಮುಚ್ಚು.”

“ಬರಿದಾಗಿ ಮುಚ್ಚೋ ಹಾಗಿಲ್ಲ,” ಅಂದರು ಅಜ್ಜಯ್ಯ.

“ಏನು?”

“ಮರೆತ್ಯಾ ಶಿವಮೂರ್ತೀ? ಸಮಾಧಿ ಮಗ್ಗುಲಲ್ಲಿ ತೋಡಿದ ಗುಂಡಿ ಬರಿದಾಗಿ ಬಿಟ್ರೆ ಅದು ಮನೆಯವರ ತಲೆ ಕೇಳುತ್ತೆ ಅಂತಾರೆ. ತೋಡಿಸಿದೋರು ತಮ್ಮ ತಲೆ ಮೇಲಿಂದು ಅದಕ್ಕೆ ಕೊಡ್ಬೇಕು. ನಮ್ಮ ಹಿರೀಕರ ಕಾಲದಿಂದ ನಡೆದು ಬಂದದ್ದು. ಅದಕ್ಕೇ ತಾನೆ ಯಾರೂ ಬೇಕಾದ್ದಕ್ಕಿಂತ ಹೆಚ್ಚು ತೋಡಿಸಲ್ಲ.”

ಎಲ್ಲರ ಕಣ್ಣೂ ಶಿವಮೂರ್ತಪ್ಪನವರ ರುಮಾಲಿನ ಮೇಲೆ ಹೋಯಿತು. ಜರಿಯಂಚಿನ ರುಮಾಲು. ಅಣ್ಣ ಹೋದ ಮೇಲೆ ಇನ್ನು ನೀನೇ ಯಜಮಾನ ಎಂದು ಕುಲದ ಹಿರಿಯರೆಲ್ಲ ಸೇರಿ ಕಟ್ಟಿದ್ದು.

“ಶಲ್ಯ ಕೊಡ್ತೀನಿ.”

“ಶಲ್ಯ ಹೆಗಲ ಮೇಲಿಂದು,” ಅಂದರು ಅಜ್ಜಯ್ಯ, ಬೇಸರದಿಂದ. “ಬೇಗ ಆಗ್ಲಿ ಕಣಪ್ಪಾ, ಹೊತ್ತು ಮುಳುಗುತ್ತೆ.”

ಗುಂಡಿಯಲ್ಲಿ ಪ್ರೇಮಮ್ಮ ಎದ್ದು ನಿಂತಳು. ಮಣ್ಣಾದ ಎರಡು ಕೈಗಳನ್ನೂ ಮೇಲಕ್ಕೆ ಚಾಚಿದಳು.

“ಕೊಡಿ ಮಾವ. ಸುಕ್ಕಾಗದಂಗೆ ನಾನೇ ಇಡ್ತೀನಿ.”

ಶಿವಮೂರ್ತಪ್ಪ ಎರಡು ಕೈಯಿಂದ ರುಮಾಲು ಎತ್ತಿದರು. ಸೊಸೆ ಅದನ್ನು ಇಸಿದುಕೊಂಡು, ಗುಂಡಿಯ ನಡುವೆ ನೆಟ್ಟಗೆ ಕೂರಿಸಿ, ಈರಪ್ಪ ಚಾಚಿದ ಕೈ ಹಿಡಿದು ಮೇಲೆ ಬಂದಳು. ಕೆಂಚಮ್ಮನೂ ಹುಚ್ಚಮ್ಮನೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿದರು. ಮೊದಲ ಹಿಡಿಮಣ್ಣು ಮನೆಯ ಯಜಮಾನನದು ಎಂದು ಅಜ್ಜಯ್ಯ ನೆನಪಿಸಿದರು.

ಶಿವಮೂರ್ತಪ್ಪನವರ ಬೋಳುತಲೆಯ ಸುತ್ತ ರುಮಾಲು ಒತ್ತಿದ ಗೆರೆ ಕೆಂಪಗೆ ಉಳಿದಿತ್ತು. ಬಗ್ಗಿ ಹಿಡಿಮಣ್ಣು ತೆಗೆದು ಜರಿಯ ಮೇಲೆ ಹಾಕಿದರು. ಅವರ ಬೆನ್ನ ಹಿಂದೆ ಹೆಂಗಸರು ಆಗಲೇ ಎತ್ತುಗಳ ಮೂಗುದಾರ ಹಿಡಿದು ಗಾಡಿಯನ್ನು ಊರ ಕಡೆಗೆ ತಿರುಗಿಸುತ್ತಿದ್ದರು.