ಕಂಬಳಿ ಮೇಲೆ ಕೂತ ಕಂಪ್ಯೂಟರ್

ನಾಗಲಗಿದ್ದದಲ್ಲಿ ನಮ್ಮ ನೆರೆಯವನಾಗಿದ್ದ ಕುರಿಗಾರ ಮರೆಪ್ಪನ ಮನೆಗೆ ೧೯೮೬ರಲ್ಲಿ ಕಂಪ್ಯೂಟರ್ ಬಂತು. ಹೆಂಡತಿ ಅಮೃತಬಾಯಿಯ ತಮ್ಮ ಖಂಡೆಪ್ಪ ಮುಂಬಯಿಯಿಂದ ತಂದು, "ಶ್ರಾವಣದಾಗ ಬಂದು ಒಯ್ತೀನಿ, ಅಲ್ಲೀತನ ಇಟ್ಗೊಳ್ರಿ ಮಾವ" ಎಂದು ಬಿಟ್ಟುಹೋಗಿದ್ದ. ಟೈಪಿನ ಗುಂಡಿಗಳಿದ್ದ ಚಪ್ಪಟೆ ಡಬ್ಬಿ. ಟಿವಿಗೆ ಜೋಡಿಸಿ ಒತ್ತಿದರೆ ಅಕ್ಷರ ಮೂಡುತ್ತಿತ್ತು. ಬಂದ್ ಆದರೆ ಮಾತ್ರ ಬರೆದದ್ದೆಲ್ಲ ಮರೆತುಬಿಡುತ್ತಿತ್ತು.

ಮರೆಪ್ಪನ ತಂದೆ ಪೀರಪ್ಪನಿಗೆ ಮೊಣಕಾಲು ಹಿಡಿದು, ಕುರಿಗಳ ಹಿಂದೆ ಹೋಗುವುದು ನಿಂತಿತ್ತು. "ನನ್ನ ಕುರಿ ಎಲ್ಲಾ ಒಂದೇ ಕಡಿ ಒಮ್ಮಿ ನೋಡ್ಬೇಕಲೇ" ಎನ್ನುತ್ತಿದ್ದ. ಹಟ್ಟಿಯ ಎಲ್ಲ ಕುರಿಗಳ ಹೆಸರನ್ನೂ ಟಿವಿಯಲ್ಲಿ ತುಂಬಿ ತೋರಿಸಲು ಮರೆಪ್ಪ ಹೊರಟ. ಮುದುಕ ಹೆಸರು ಹೇಳುವನು, ಮಗ ಒತ್ತುವನು. ಅರ್ಧ ಹಟ್ಟಿ ಸೇರುವಷ್ಟರಲ್ಲಿ ಡಬ್ಬಿ ಬಂದ್.

"ಮತ್ತ ಎಲ್ಲಾ ತಪ್ಪಿಸ್ಕೊಂಡು ಹ್ವಾದವು!" ಎಂದು ಪೀರಪ್ಪ ಹಣೆ ಬಡಿದುಕೊಳ್ಳುವನು.

ಮನೆಗೆ ಬೀಗರು ನೆಂಟರು ಬಂದರೆ ಕಂಬಳಿ ಹಾಸಿ ಕೂರಿಸುವುದು ಅವರ ಪದ್ಧತಿ. ಕಂಪ್ಯೂಟರನ್ನೂ ಹಾಗೇ ಕೂರಿಸಿದ್ದರು. ಅದು ಪೀರಪ್ಪ ಕೈಯಾರೆ ನೇಯ್ದ ಕಂಬಳಿ. ಅದರಲ್ಲಿ ನೀರು ಕಟ್ಟಿಕೊಂಡು ನಾರಾಯಣಖೇಡಕ್ಕೆ ನಡೆದರೂ ಒಂದು ಹನಿ ಸೋರುತ್ತಿರಲಿಲ್ಲ, ನಾನೇ ಹೊತ್ತಿದ್ದೇನೆ. ಮರ್ಯಾದೆ ಸಾಲದೆ ಮುನಿಸಿಕೊಂಡಿದೆಯೆಂದು ಮುದುಕ ಪ್ರತಿ ಸಲ ಇನ್ನೊಂದು ಮಡಿಕೆ ಹಾಕಿದ. ಅದು ಇನ್ನೂ ಬೇಗ ಬಂದ್ ಆಯಿತು.

ಮರೆಪ್ಪ ಒಯ್ದು ತೋರಿಸಿದರೆ, ಜಹೀರಾಬಾದಿನ ರೇಡಿಯೋ ರಿಪೇರಿ ಕಾಶಿರಾಮನ ಮೇಜಿನ ಮೇಲೆ ಅದೇ ಡಬ್ಬಿ ದಿನವಿಡೀ ಓಡಿತು. ಮನೆಗೆ ತಂದರೆ ಅದೇ ಕಥೆ. ಕೊನೆಗೆ ಕಾಶಿರಾಮನೇ ಬಸ್ಸು ಹತ್ತಿ ಬಂದ. ಡಬ್ಬಿ ಎತ್ತಿ, ಕೈ ಸುಟ್ಟುಕೊಂಡು, ನಕ್ಕ.

"ಮರೆಪ್ಪಣ್ಣ, ತಳದಾಗ ಗಾಳಿ ಆಡೋ ಸೀಳು ಅದಾವ. ಕಂಬಳಿಲಿಂದ ಇದರ ಮೂಗು ಮುಚ್ಚೀರಲ್ಲರಿ! ಗರಮ್ ಆಗಿ ಬಂದ್ ಆಗ್ತದ. ಕಂಬಳಿ ತಗೀರಿ."

"ಹಾಸಿದ ಕಂಬಳಿ ಎಳೀಲೇನು?" ಪೀರಪ್ಪ ಸಿಟ್ಟಾದ. "ಎದ್ದು ನಡಿ ಅಂದಂಗ ಅದು. ನನ್ನ ಮನ್ಯಾಗ ಆಗಂಗಿಲ್ಲ."

ಖಂಡೆಪ್ಪ ಬರುವುದು ಮರುದಿನವೇ. ಮರೆಪ್ಪನ ಮುಖ ಸಣ್ಣಗಾಯಿತು. ಅಮೃತಬಾಯಿ ಒಳಗಿಂದ ಹಿಟ್ಟಿನ ಕೈಯಲ್ಲೇ ಬಂದಳು.

"ಮಾವ, ನಾ ಮದಿವ್ಯಾಗಿ ಬಂದ ದಿವಸ ಕಂಬಳಿ ಹಾಸಿದ್ರಿ?"

"ಹಾಸಿದ್ದೆವವ್ವ."

"ಮರುದಿವಸ?"

ಮುದುಕ ಕೆಮ್ಮಿದ.

"ರೊಟ್ಟಿ ಬಡಿಯಾಕ ನೆಲಕ್ಕ ಕೂಡ್ಸಿದ್ರಿ. ಯಾಕಂದ್ರ ನಾ ಮನಿಯವಳಾದೆ. ಇದು ಬಂದು ತಿಂಗಳ ಮ್ಯಾಲಾತು. ಇನ್ನಾ ಬೀಗರೇನ್ರಿ ಇದು?"

ಆ ಊರಲ್ಲಿ ಪೀರಪ್ಪನ ಬಾಯಿ ಮುಚ್ಚಿಸಿದವರನ್ನು ನಾನು ಕಂಡದ್ದು ಅಂದೇ. ಮುದುಕ ತಾನೇ ಕಂಬಳಿ ಎಳೆದ. ಪಡಸಾಲೆಯ ತಣ್ಣನೆಯ ತಾಂಡೂರು ಪರಸಿಕಲ್ಲಿನ ಮೇಲೆ, ಗಾಳಿಯಾಡಲೆಂದು ನಾಲ್ಕು ಕಡೆ ಕಲ್ಲುಚೂರು ಇಟ್ಟು ಡಬ್ಬಿ ಕೂರಿಸಿದರು. ಸಂಜೆಯೊಳಗೆ ಹಟ್ಟಿಯೆಲ್ಲ ಟಿವಿ ಸೇರಿತು. ಮರೆಪ್ಪ ಒಂದೊಂದೇ ಹೆಸರು ಓದಿದ. ಓದು ಬಾರದ ಪೀರಪ್ಪ ಪ್ರತಿ ಹೆಸರಿನ ಮೇಲೂ ಗಾಜಿನ ಹೊರಗಿಂದ ಕೈಯಾಡಿಸಿದ.

ಮರುದಿನ ಖಂಡೆಪ್ಪ ಬಂದು ಡಬ್ಬಿ ಕೇಳಿದ.

"ಬೀಗ ಇದ್ದಿದ್ರ ಕಳಿಸ್ತಿದ್ದೆನಪ್ಪ," ಎಂದ ಪೀರಪ್ಪ. "ಈಗ ಮನಿಯವ ಆಗ್ಯಾನ. ಮನಿಯವನ್ನ ಹ್ಯಾಂಗ ಕಳಿಸ್ಲಿ? ನೀ ಬೀಗ. ಕೂಡು."

ಅಷ್ಟೂ ಮಡಿಕೆಯ ಕಂಬಳಿ ಹಾಸಿ ಅವನನ್ನು ಕೂರಿಸಿದರು. ಸ್ವಲ್ಪ ಹೊತ್ತು ಖಂಡೆಪ್ಪ ಜೋರಾಗಿಯೇ ವಾದಿಸಿದ. ಆಮೇಲೆ ಬೆವರಿದ. ಆಮೇಲೆ ಬಂದ್ ಆದ.