ಹೆಬ್ಬೆರಳು ಹೇಳಿದ ಸುಳ್ಳು

ಮಲ್ಲಂದೂರು ಕಡೆಯ ಆ ಕಾಫಿ ಎಸ್ಟೇಟಿನ ಕೂಲಿಯವರ ಲೈನು ಮನೆಗಳಲ್ಲಿ ಗಿಡ್ಡಮ್ಮನಷ್ಟು ದಾಕ್ಷಿಣ್ಯದ ಹೆಂಗಸು ಇನ್ನೊಬ್ಬಳಿರಲಿಲ್ಲ. ಎದುರಿಗಿದ್ದವರ ಮುಖ ಸಪ್ಪಗಾದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಮೇಸ್ತ್ರಿ ಚೌಡಯ್ಯ ಯಾರಿಗಾದರೂ ಬೈದರೆ, ಬೈಸಿಕೊಂಡವಳನ್ನು ಬಿಟ್ಟು, 'ಪಾಪ, ಬಿಸಿಲಲ್ಲಿ ನಿಂತು ನಿಂತು ನಿಮ್ಗೂ ಸಾಕಾಗಿರುತ್ತೆ' ಎಂದು ಮೇಸ್ತ್ರಿಯನ್ನೇ ಸಮಾಧಾನ ಮಾಡಿ ಬರುವಳು. ಇಂಥ ದಾಕ್ಷಿಣ್ಯದಿಂದ ಜೀವಮಾನದಲ್ಲಿ ಅವಳಿಗಾದ ಲಾಭ ಹೇಳಿಕೊಳ್ಳುವಂಥದ್ದೇನಲ್ಲ. ಒಂದೇ ಒಂದು ಸಲ ಆಯಿತು, ಅದನ್ನೇ ಈಗ ಹೇಳುತ್ತಿರುವುದು.

ಎರಡು ಸಾವಿರದ ಏಳನೇ ಇಸವಿಯ ಮುಂಗಾರಿನಲ್ಲಿ ಗಿಡ್ಡಮ್ಮನಿಗೆ ಲಕ್ವ ಹೊಡೆಯಿತು. ಮೂರು ತಿಂಗಳಲ್ಲಿ ಬಲಗಾಲು ಎಳೆದುಕೊಂಡಾದರೂ ನಡೆಯುವಷ್ಟಾಯಿತು, ತೊದಲುತ್ತಿದ್ದ ಮಾತೂ ನೆಟ್ಟಗಾಯಿತು. ಬಲಗೈ ಮಾತ್ರ ಹೋದದ್ದು ಹೋದಂತೆಯೇ ಉಳಿಯಿತು. ಇಪ್ಪತ್ತೆಂಟು ವರ್ಷ ಕಾಫಿ ಹಣ್ಣು ಕೊಯ್ದ ಕೈ ಅದು. ಕೆಲಸ ತಪ್ಪಿದ್ದನ್ನು ಅವಳು ಹೇಗೋ ಸಹಿಸಿಕೊಂಡಳು. ಸಹಿಸಲಾಗದ್ದು ಊಟ. ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪಲಿಲ್ಲ. ಚಮಚ ಕೊಟ್ಟರೆ, ಅದನ್ನೂ ಅದೇ ಕೈಯಲ್ಲಿ ಹಿಡಿಯಬೇಕಲ್ಲ ಎಂದು ದೂರ ಸರಿಸಿದಳು. ಹೀಗಾಗಿ ಮಗಳು ರಂಜಿತಾ ಮೂರು ಹೊತ್ತೂ ತುತ್ತು ಮಾಡಿ ತಿನ್ನಿಸಬೇಕಾಯಿತು. ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಸಸಿಗೆ ಮಣ್ಣು ತುಂಬುತ್ತಿದ್ದ ಹುಡುಗಿ ಮಧ್ಯಾಹ್ನ ಓಡಿ ಬಂದು, ಕೈ ಉಜ್ಜಿ ತೊಳೆದು, ಅಮ್ಮನಿಗೆ ಉಣ್ಣಿಸಿ, ಮತ್ತೆ ಓಡುವಳು. ಅವಳಿಗೆ ಹೊತ್ತಾಗುತ್ತದೆ ಎಂದು ಗಿಡ್ಡಮ್ಮ ಅರ್ಧ ಹೊಟ್ಟೆಗೇ ಸಾಕು ಎನ್ನುವಳು. ತನ್ನ ಕೈಯಿಂದ ತಾನು ಉಣ್ಣಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಜನವರಿಯಲ್ಲಿ ಸುದ್ದಿ ಬಂತು. ಬೆಂಗಳೂರಿನ ಡಾಕ್ಟರೊಬ್ಬರು ಚಿಕ್ಕಮಗಳೂರಿನ ನರ್ಸಿಂಗ್ ಹೋಮೊಂದರಲ್ಲಿ ಎರಡು ತಿಂಗಳ ಮಟ್ಟಿಗೆ ಮೆಷಿನ್ ಇಟ್ಟುಕೊಂಡು ಲಕ್ವ ಹೊಡೆದವರ ಮೇಲೆ ಸಂಶೋಧನೆ ನಡೆಸುತ್ತಿದ್ದಾರಂತೆ. ತಲೆ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ, ತಲೆಯ ಮೇಲೆ ಆಯಸ್ಕಾಂತ ಹಿಡಿಯುತ್ತಾರಂತೆ. ಪಕ್ಕದ ಮನೆಯ ದೇವೀರಮ್ಮ, 'ತಲೆಗೆ ಕರೆಂಟು ಕೊಡ್ತಾರೆ ಕಣೇ, ಇರೋ ಬುದ್ಧಿನೂ ಹೋಗುತ್ತೆ' ಎಂದು ಹೆದರಿಸಿದಳು.

'ಹೋದ್ರೆ ಹೋಗ್ಲಿ ಬಿಡೇ ಮಾರಾಯ್ತಿ, ಅದು ಇದ್ದು ಏನು ಮಾಡಿದೀನಿ' ಎಂದು ಗಿಡ್ಡಮ್ಮ ಮಗಳ ಜೊತೆ ಬಸ್ಸು ಹತ್ತಿದಳು.

ಡಾಕ್ಟರ್ ಧನ್ಯಾ ಇದೇ ಕಡೆಯ ವಸ್ತಾರೆ ಊರಿನವರು, ಸಣ್ಣ ಕಾಫಿ ಬೆಳೆಗಾರರ ಮನೆಯ ಮಗಳು. ಮೂವತ್ತರ ಆಚೀಚೆ ವಯಸ್ಸು, ಮೂಗಿನ ಮೇಲೆ ಜಾರುವ ಕನ್ನಡಕ. ಮೊದಲು ಕೈ ಪರೀಕ್ಷೆಯಾಯಿತು. ಬೆರಳು ಮಡಿಸಿ ಎಂದರು, ಮಡಿಸಲಾಗಲಿಲ್ಲ. ಹೆಬ್ಬೆರಳು ಒತ್ತಿ ಎಂದರು, ಅದು ತನಗೆ ಸಂಬಂಧವೇ ಇಲ್ಲವೆಂಬಂತೆ ಬಿದ್ದುಕೊಂಡಿತ್ತು. ಡಾಕ್ಟರು ಹಾಳೆಯ ಮೇಲೆ ಸೊನ್ನೆ ಬರೆದುಕೊಂಡರು.

'ಗಿಡ್ಡಮ್ಮ, ಮಿದುಳಿಂದ ಕೈಗೆ ಒಂದು ದಾರಿ ಇದೆ. ಲಕ್ವದಲ್ಲಿ ಆ ದಾರಿ ಕುಸ್ದಿದೆ. ಪೂರ್ತಿ ಕುಸ್ದಿದೆಯೋ, ಒಂದು ಕಾಲುದಾರಿನಾದ್ರೂ ಉಳಿದಿದೆಯೋ ನೋಡ್ಬೇಕು. ಇದನ್ನ ತಲೆ ಎಡಗಡೆಗೆ ಹಿಡಿದ್ರೆ ಟಕ್ ಅನ್ನುತ್ತೆ. ದಾರಿ ಉಳಿದಿದ್ರೆ ಬಲಗೈ ಹೆಬ್ಬೆರಳು ತಾನಾಗೇ ಹಾರುತ್ತೆ. ನೀವೇನೂ ಮಾಡ್ಬೇಡಿ, ಸುಮ್ನೆ ಕೂತಿರಿ.'

'ಹಾರದಿದ್ರೆ?' ಎಂದು ಕೇಳಿದವಳು ರಂಜಿತಾ.

'ಹಾರದಿದ್ರೆ ಈ ಚಿಕಿತ್ಸೆಗೆ ತಗೊಳ್ಳೋ ಹಾಗಿಲ್ಲ. ನಾವು ಹಾಕ್ಕೊಂಡಿರೋ ನಿಯಮ ಅದು. ಸುಳ್ಳು ಆಸೆ ಹುಟ್ಟಿಸಿ ನಿಮ್ಮನ್ನ ತಿಂಗಳುಗಟ್ಲೆ ಬಸ್ಸಲ್ಲಿ ಓಡಾಡ್ಸೋಕೆ ನಂಗೂ ಮನಸ್ಸಿಲ್ಲ.'

ಎರಡು ದೊಡ್ಡ ಬಳೆಗಳನ್ನು ಪಕ್ಕಪಕ್ಕ ಜೋಡಿಸಿದಂಥ ವಸ್ತುವೊಂದನ್ನು ಡಾಕ್ಟರು ಗಿಡ್ಡಮ್ಮನ ನೆತ್ತಿಯ ಎಡಪಕ್ಕಕ್ಕೆ ತಂದರು. ಹೆಬ್ಬೆರಳ ಬುಡಕ್ಕೆ ಅಂಟಿಸಿದ ವೈರು ಕಂಪ್ಯೂಟರಿಗೆ ಹೋಗಿತ್ತು. ಟಕ್. ಯಾರೋ ಮೊಟಕಿದಂತಾಯಿತು, ನೋವೇನಿಲ್ಲ. ಕಂಪ್ಯೂಟರಿನಲ್ಲಿ ಗೆರೆ ನೇರವಾಗಿ ಹರಿಯಿತು. ಡಾಕ್ಟರು ಜಾಗ ಒಂದಿಷ್ಟು ಬದಲಿಸಿದರು, ಶಕ್ತಿ ಹೆಚ್ಚಿಸಿದರು. ಟಕ್. ಟಕ್. ಹೆಬ್ಬೆರಳು ಮಿಸುಕಾಡಲಿಲ್ಲ. ಹತ್ತಿಪ್ಪತ್ತು ಸಲ ಹೀಗೇ ಆಯಿತು. ರಂಜಿತಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಡಾಕ್ಟರ ಕನ್ನಡಕ ಜಾರಿದರೂ ಅವರು ಅದನ್ನು ಮೇಲೇರಿಸಲಿಲ್ಲ.

ಗಿಡ್ಡಮ್ಮ ನೋಡುತ್ತಿದ್ದುದು ಬೆರಳನ್ನಲ್ಲ, ಡಾಕ್ಟರ ಮುಖವನ್ನು. ಬೆಂಗಳೂರಿಂದ ಇಷ್ಟು ದೊಡ್ಡ ಮೆಷಿನ್ ಹೊತ್ತು ತಂದ ಹುಡುಗಿ, ತನ್ನ ಕೈಯಿಂದಾಗಿ ಸೋತು ಕೂತಿದ್ದಾಳೆ. ಗಿಡ್ಡಮ್ಮನಿಗೆ ತೋಟದ ಸಂಜೆ ನೆನಪಾಯಿತು. ಹಣ್ಣು ತೂಗುವ ಹೊತ್ತಿನಲ್ಲಿ ಹೊಸಬಳೊಬ್ಬಳ ಚೀಲ ಹಗುರಾಗಿದ್ದರೆ, ಸಾಲಿನಲ್ಲಿ ಹಿಂದೆ ಮುಂದೆ ನಿಂತವರು ಮೇಸ್ತ್ರಿಯ ಕಣ್ಣು ತಪ್ಪಿಸಿ ತಮ್ಮದರಿಂದ ಎರಡು ಬೊಗಸೆ ಅದಕ್ಕೆ ಸುರಿಯುತ್ತಾರೆ. ಎಲ್ಲರೆದುರು ಅವಳು ತಲೆ ತಗ್ಗಿಸಬಾರದು ಎಂದಷ್ಟೇ. ಸುರಿದವಳು ಅದನ್ನು ಹೇಳಿಕೊಳ್ಳುವುದಿಲ್ಲ, ಸುರಿಸಿಕೊಂಡವಳು ಕೇಳುವುದೂ ಇಲ್ಲ. ಈ ಮೆಷಿನ್ ಪಾಪ ಹೊಸದು, ಇದಕ್ಕೂ ನಾನೊಂದು ಬೊಗಸೆ ಹಾಕಿದರೇನು ಎಂದು ಗಿಡ್ಡಮ್ಮನಿಗೆ ಅನ್ನಿಸಿತು. ತನ್ನ ಊಟದ ಯೋಚನೆ ಆಗ ಅವಳಿಗೆ ಬರಲೇ ಇಲ್ಲ ಎಂದರೆ ಅದು ಸುಳ್ಳಾದೀತು. ಬಂತು. ಆದರೆ ಅದು ಹಿಂದಿನಿಂದ ಬಂತು.

ಮುಂದಿನ ಟಕ್ ಬಿದ್ದೊಡನೆ ಅವಳು ಹಲ್ಲು ಕಚ್ಚಿ, ಹೊಟ್ಟೆ ಬಿಗಿಹಿಡಿದು, ಎಲ್ಲಾ ಬಲವನ್ನೂ ಹೆಬ್ಬೆರಳಿಗೆ ನೂಕಿದಳು. ಹಣ್ಣನ್ನು ತೊಟ್ಟಿನಿಂದ ಬಿಡಿಸುವಾಗ ಒತ್ತುತ್ತಾರಲ್ಲ, ಹಾಗೆ. ಹೆಬ್ಬೆರಳು ಒಂದು ಎಳ್ಳಿನಷ್ಟು ಒಳಕ್ಕೆ ಬಾಗಿತು.

'ಬಂತು' ಎಂದರು ಧನ್ಯಾ. 'ರಂಜಿತಾ, ನೋಡಿ ಇಲ್ಲಿ, ಬಂತು.' ರಂಜಿತಾ ಓಡಿ ಬಂದು ಅಮ್ಮನ ಹೆಗಲು ಹಿಡಿದುಕೊಂಡಳು. ಡಾಕ್ಟರು ಪೆನ್ನು ತೆಗೆದು ಅರ್ಜಿಯ ಹಾಳೆಯಲ್ಲಿ ಗಿಡ್ಡಮ್ಮನ ಹೆಸರು ಬರೆಯತೊಡಗಿದರು.

ಬೊಗಸೆ ಹಣ್ಣು ಸುರಿದಾಗ ಗಿಡ್ಡಮ್ಮನಿಗೆ ಎಂದೂ ಪಾಪಪ್ರಜ್ಞೆ ಕಾಡಿದ್ದಿಲ್ಲ. ಈಗ ಕಾಡಿತು. ಹುಡುಗಿ ನಂಬಿ ಬರೆಯುತ್ತಿದ್ದಾಳೆ. ಈ ಸುಳ್ಳಿನ ಮೇಲೆ ಇನ್ನೆಷ್ಟು ಬರೆಯುತ್ತಾಳೋ, ಇನ್ಯಾರ ಕೈಗೆ ಏನು ತೊಂದರೆಯಾಗುತ್ತದೋ. ಆದರೆ ಹೇಳಿಬಿಟ್ಟರೆ ಇವತ್ತೇ ಮನೆಗೆ ಹೊರಡಬೇಕು, ಸಂಜೆಗೆ ಮತ್ತೆ ಮಗಳ ತುತ್ತು.

'ಬರೀಬೇಡಿ ಡಾಕ್ಟ್ರಮ್ಮ. ಅದು ಮೆಷಿನ್ ಮಾಡಿದ್ದಲ್ಲ. ನಾನೇ ಒಂಚೂರು ಸೇರ್ಸ್ದೆ. ನಿಮ್ಮ ಮುಖ ನೋಡೋಕಾಗ್ಲಿಲ್ಲ.'

ರಂಜಿತಾ, 'ಅಮ್ಮಾ' ಎಂದು ಗದರಿದಳು. ಡಾಕ್ಟರ ಪೆನ್ನು ನಿಂತಿತು.

'ಏನು ಸೇರ್ಸಿದ್ರಿ?'

'ಬೆರಳು. ನಾನೇ ಅಲ್ಲಾಡ್ಸಿದ್ದು. ಮೋಸ ಆಯ್ತು, ತಪ್ಪು ತಿಳ್ಕೋಬೇಡಿ.'

ಧನ್ಯಾ ಕಂಪ್ಯೂಟರಿನ ಕಡೆ ತಿರುಗಿ ಗೆರೆಯನ್ನು ಹಿಗ್ಗಿಸಿ ನೋಡಿದರು. ಮೆಷಿನ್ನಿನಿಂದ ಹಾರಿದ ಬೆರಳಾದರೆ ಟಕ್ ಎಂದ ಮರುಕ್ಷಣವೇ, ಅದರ ಬೆನ್ನಿಗೇ ಗೆರೆ ಏಳಬೇಕು. ಇದು ಎಷ್ಟೋ ದೂರ ಹೋಗಿ, ಪ್ರಯಾಸಪಟ್ಟು ಎದ್ದಿತ್ತು. ಮುದುಕಿಯ ಮಾತು ನಿಜ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

'ಗಿಡ್ಡಮ್ಮ, ಯಾವ ಕೈ ಬೆರಳು ಅಲ್ಲಾಡ್ಸಿದ್ರಿ?'

'ಇದೇ.'

'ಈ ಕೈ ಅಲ್ಲಾಡದೆ ಎಷ್ಟು ದಿನ ಆಯ್ತು?'

ಗಿಡ್ಡಮ್ಮ ಲೆಕ್ಕ ಹಾಕಲು ಬಾಯಿ ತೆರೆದವಳು ಹಾಗೇ ಉಳಿದಳು. ತಪ್ಪೊಪ್ಪಿಕೊಳ್ಳುವ ಅವಸರದಲ್ಲಿ ತಾನು ಏನು ಹೇಳುತ್ತಿದ್ದೇನೆ ಎಂಬುದೇ ಅವಳಿಗೆ ಹೊಳೆದಿರಲಿಲ್ಲ. ರಂಜಿತಾ ನೆಲದ ಮೇಲೆ ಕುಸಿದು ಕೂತು ಅಮ್ಮನ ಬಲಗೈಯನ್ನು ಕೆನ್ನೆಗೆ ಒತ್ತಿಕೊಂಡಳು.

'ಏಳು ತಿಂಗಳಾಯ್ತು' ಎಂದಳು ಗಿಡ್ಡಮ್ಮ. 'ಆದ್ರೂ ಮೋಸ ಮೋಸನೇ ಅಲ್ವಾ.'

'ಹೌದು' ಎಂದು ಧನ್ಯಾ ನಕ್ಕರು. 'ಇನ್ನೊಂದ್ಸಲ ಮಾಡಿ.'

ಈ ಸಲ ಅವರು ಮೊದಲೇ ಹೇಳಿದರು. ಬೆರಳು ಅಲ್ಲಾಡುವಷ್ಟು ಜೋರು ಬೇಡ, ಹಣ್ಣು ಹಿಡಿದು ಇನ್ನೇನು ಬಿಡಿಸಬೇಕು ಎನ್ನುವಾಗ ಎಷ್ಟು ಒತ್ತುತ್ತೀರೋ ಅಷ್ಟೇ ಒತ್ತಿಕೊಂಡಿರಿ. ಬೆಳೆಗಾರರ ಮನೆಯ ಹುಡುಗಿಗೆ ಆ ಒತ್ತು ಗೊತ್ತಿತ್ತು, ಗಿಡ್ಡಮ್ಮನಿಗಂತೂ ಹೇಳಿಕೊಡಬೇಕಾಗಿರಲಿಲ್ಲ. ಟಕ್. ಹೆಬ್ಬೆರಳು ಚಂಗನೆ ಹಾರಿತು. ಗೆರೆ ಸದ್ದಿನ ಬೆನ್ನಿಗೇ ಎದ್ದು ನಿಂತಿತ್ತು.

'ಇದು ನಾನಲ್ಲ' ಎಂದಳು ಗಿಡ್ಡಮ್ಮ ಗಾಬರಿಯಿಂದ.

'ನೀವಲ್ಲ, ಮೆಷಿನ್ನೇ. ಆದ್ರೆ ನೀವು ಅತ್ಲಾಗಿಂದ ಕೈ ಜೋಡಿಸದೆ ಅದೊಂದ್ರಿಂದ್ಲೇ ಆಗ್ತಿರ್ಲಿಲ್ಲ. ಕಾಲುದಾರಿ ಇದೆ ಗಿಡ್ಡಮ್ಮ. ನಿಮ್ಮನ್ನ ಸೇರಿಸ್ಕೊಂಡೆ.'

ಆಮೇಲೆ ನಾಲ್ಕು ವಾರ ತಾಯಿ ಮಗಳು ದಿನಾ ಬಸ್ಸಿನಲ್ಲಿ ಬಂದರು. ಮಿದುಳಿನ ಚೆನ್ನಾಗಿರುವ ಅರ್ಧ ತಾನೇ ಎಲ್ಲಾ ಯಜಮಾನಿಕೆ ಮಾಡಿಕೊಂಡು, ಪೆಟ್ಟು ಬಿದ್ದ ಅರ್ಧಕ್ಕೆ ಏಳಲು ಬಿಡುವುದಿಲ್ಲವಂತೆ. ಅದಕ್ಕೇ ಈಗ ಮೆಷಿನ್ನನ್ನು ಬಲಗಡೆ ಹಿಡಿದು, ನಿಧಾನವಾಗಿ ಟಕ್ ಟಕ್ ಎನ್ನಿಸಿ ಅದನ್ನು ಸ್ವಲ್ಪ ಸುಮ್ಮನಿರಿಸುತ್ತಿದ್ದರು. ಗಿಡ್ಡಮ್ಮನಿಗೆ ಇದು ತಕ್ಷಣ ಅರ್ಥವಾಯಿತು. ಅಂಥ ಓರಗಿತ್ತಿ ಅವಳಿಗೂ ಇದ್ದಳು. ಆಮೇಲೆ ಒಂದು ಗಂಟೆ ತಟ್ಟೆಯಿಂದ ಬಟ್ಟಲಿಗೆ ಕಾಫಿಬೀಜ ಎತ್ತಿ ಹಾಕುವುದು. ಮೊದಲ ವಾರ ಒಂದೂ ಬರಲಿಲ್ಲ. ಎರಡನೇ ವಾರ ಮೂರು ಬಂದವು. ಇದು ಮೆಷಿನ್ನಿನಿಂದಲೋ, ಅಭ್ಯಾಸದಿಂದಲೋ, ಕೈ ತಾನಾಗೇ ಎದ್ದಿತೋ ಎಂದು ರಂಜಿತಾ ಕೇಳಿದಾಗ, 'ಒಬ್ಬರ ಕೈ ನೋಡಿ ಹೇಳೋಕಾಗಲ್ಲ, ಅದಕ್ಕೇ ಇಷ್ಟು ಜನರನ್ನ ನೋಡ್ತಿರೋದು' ಎಂದರು ಧನ್ಯಾ. ಗಿಡ್ಡಮ್ಮನಿಗೆ ಆ ಚರ್ಚೆ ಬೇಕಿರಲಿಲ್ಲ. ಅವಳು ಮೆಷಿನ್ನಿಗೂ ಕೈಮುಗಿದಳು, ಡಾಕ್ಟರಿಗೂ ಮುಗಿದಳು. ಬಲಗೈ ಎಡಗೈಗಿಂತ ತಡವಾಗಿ ಬಂದು ಸೇರುತ್ತಿತ್ತು, ಅಷ್ಟೇ. ಗೊತ್ತಿಲ್ಲದ ತನ್ನ ಕೈಗಾಗಿ ಯಾರೋ ಇಷ್ಟು ಓದಿ, ಇಷ್ಟು ದೂರ ಬಂದರಲ್ಲ ಎಂದು ಅವಳು ಬಸ್ಸಿನಲ್ಲಿ ಮಗಳಿಗೆ ಮತ್ತೆ ಮತ್ತೆ ಹೇಳುವಳು.

ಕೊನೆಯ ದಿನ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿಗೆ ಹೋದರು. ಎರಡು ಊಟ ಬಂತು. ರಂಜಿತಾ ಅಭ್ಯಾಸಬಲದಿಂದ ಅಮ್ಮನ ತಟ್ಟೆಯ ಅನ್ನ ಸಾರು ಕಲಸಿ, ತುತ್ತು ಮಾಡಿ ಎತ್ತಿದಳು. ಅಷ್ಟರಲ್ಲಿ ಗಿಡ್ಡಮ್ಮನ ಬಲಗೈ ತಟ್ಟೆಗೆ ಬಂದಿತ್ತು. ನಾಲ್ಕು ಬೆರಳು ಅನ್ನದ ಕೆಳಗೆ ಹೋದವು, ಹೆಬ್ಬೆರಳು ಅದನ್ನು ಒತ್ತಿ ಹಿಡಿಯಿತು. ಅರ್ಧ ಮೇಜಿನ ಮೇಲೆ ಉದುರಿತು, ಇನ್ನರ್ಧ ಬಾಯಿ ಸೇರಿತು. ಅವಳು ಅಗಿಯುತ್ತ ಮಗಳ ಕಡೆ ನೋಡಿದಳು.

'ನೀನು ಉಣ್ಣು' ಎಂದಳು.

ರಂಜಿತಾ ಕೈಯಲ್ಲಿದ್ದ ತುತ್ತನ್ನು ತನ್ನ ಬಾಯಿಗೆ ಇಟ್ಟುಕೊಂಡಳು. ಎಂಟು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ಉಂಡದ್ದು ಅದೇ ಮೊದಲು.